ತಾತನ ಹೆಸರಿನ ಪಹಣಿ, ಬೀಗ ಬಿದ್ದ ಫೋನು

ಸರ್ಜಾಪುರದ ಸುತ್ತ ಈಗ ಎರಡು ಬಗೆಯ ಮನೆಗಳು ಅಕ್ಕಪಕ್ಕದಲ್ಲಿವೆ. ಒಂದು, ತಲೆಮಾರುಗಳಿಂದ ರಾಗಿ, ಹಿಪ್ಪುನೇರಳೆ ಬೆಳೆದು ಬಂದ, ಪಹಣಿಯಲ್ಲಿ ಇವತ್ತಿಗೂ ತಾತನ ಹೆಸರೇ ಉಳಿದಿರುವ ಮನೆ. ಇನ್ನೊಂದು, ಕೆಲಸ ಹುಡುಕಿಕೊಂಡು ಬಂದು, ಬ್ಯಾಂಕ್ ಸಾಲದಲ್ಲಿ ಫ್ಲ್ಯಾಟ್ ಕೊಂಡು, ವ್ಯವಹಾರವನ್ನೆಲ್ಲ ಒಬ್ಬರ ಫೋನಿನೊಳಗೆ ಇಟ್ಟುಕೊಂಡ ಮನೆ. ಒಂದರಲ್ಲಿ ಕಾಗದ ಹಳತಾಗಿದೆ, ಇನ್ನೊಂದರಲ್ಲಿ ಕಾಗದವೇ ಇಲ್ಲ. ಆದರೆ ಯಜಮಾನ ತೀರಿಕೊಂಡು ವೈಕುಂಠ ಸಮಾರಾಧನೆ ಮುಗಿದ ಮೇಲೆ ಎರಡೂ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೇಳುವುದು ಒಂದೇ ಮಾತು: ಏನೇನಿದೆ, ಎಲ್ಲಿದೆ, ಯಾರಿಗೆ ಎಷ್ಟು ಕೊಡಬೇಕು? ಇದಕ್ಕೆ ಉತ್ತರವನ್ನು ಬದುಕಿರುವಾಗಲೇ ಬರೆದಿಡದಿರುವುದನ್ನು ನಾವು ಮರೆವು, ಸೋಮಾರಿತನ ಎಂದು ಸುಮ್ಮನಾಗುತ್ತೇವೆ. ನನ್ನ ದೃಷ್ಟಿಯಲ್ಲಿ ಅದು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಮನೆಯವರಿಗೆ ಕಾನೂನು ಕೊಟ್ಟ ಹಕ್ಕನ್ನು ಕಿತ್ತುಕೊಳ್ಳುವ ಕೆಲಸ.

ಹಕ್ಕಿನ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಎಂಬ ತಿದ್ದುಪಡಿ ಇಲ್ಲಿ 1994ರಲ್ಲೇ ಜಾರಿಗೆ ಬಂತು. ಕೇಂದ್ರ ಸರ್ಕಾರ ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿದ್ದು 2005ರಲ್ಲಿ. ಆ ಹೊತ್ತಿಗೆ ತಂದೆ ಬದುಕಿರಲಿ ಬಿಡಲಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ 2020ರಲ್ಲಿ ಹೇಳಿತು. ಇನ್ನು ಗಂಡಸಿನ ಸ್ವಯಾರ್ಜಿತಕ್ಕೆ ಬಂದರೆ, ಉಯಿಲು ಇಲ್ಲದಿದ್ದಲ್ಲಿ ಹೆಂಡತಿ, ಮಕ್ಕಳು ಮತ್ತು ತಾಯಿ ಸಮಪಾಲಿನ ವಾರಸುದಾರರು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ಕಾನೂನು ಇಷ್ಟು ದೂರ ಬಂದಿದೆ. ಆದರೆ ಯಾವ ಬ್ಯಾಂಕಿನಲ್ಲಿ ಠೇವಣಿ ಇದೆ, ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ ಇದೆ ಎಂಬುದೇ ಗೊತ್ತಿಲ್ಲದ ಹೆಂಗಸು ಯಾವುದರಲ್ಲಿ ಪಾಲು ಕೇಳಬೇಕು? ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಠೇವಣಿಗಳು ರಿಸರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ವರ್ಗವಾಗುತ್ತವೆ. 2024ರ ಮಾರ್ಚ್ ಕೊನೆಗೆ ಹಾಗೆ ಸೇರಿದ್ದ ಮೊತ್ತ 78,213 ಕೋಟಿ ರೂಪಾಯಿ. ಊರು ಬದಲಿಸಿದವರು, ಖಾತೆ ಮರೆತವರು ಇದರಲ್ಲಿರಬಹುದು. ಯಾರಿಗೂ ಹೇಳದೆ ಹೋದವರ ಹಣವೂ ಇದರಲ್ಲಿದೆ.

ಮೊದಲು ಜಮೀನಿನ ಮನೆಯನ್ನು ನೋಡೋಣ. ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರು ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ ಪೌತಿ ಖಾತೆ ಮಾಡಿಸಿಕೊಳ್ಳಬೇಕು. ಹಾಗೆ ಮಾಡಿಸದೆ ಸತ್ತವರ ಹೆಸರಿನಲ್ಲೇ ಉಳಿದ ಪಹಣಿಗಳು ರಾಜ್ಯದಲ್ಲಿ ಲಕ್ಷಗಟ್ಟಲೆ ಇವೆ. ಕಂದಾಯ ಇಲಾಖೆ ಅದಕ್ಕೆಂದೇ ಪೌತಿ ಖಾತೆ ಆಂದೋಲನ ನಡೆಸಬೇಕಾಗಿ ಬಂದಿದೆ. ರಾಗಿ ಬೆಳೆಯುತ್ತಿದ್ದ ಕಾಲಕ್ಕೆ ಇದು ದೊಡ್ಡ ತೊಂದರೆಯಾಗಿರಲಿಲ್ಲ. ಉಳುವವನು ಉಳುತ್ತಿದ್ದ, ಅಷ್ಟೆ. ಈಗ ಎಕರೆಯ ಬೆಲೆ ಕೋಟಿಗಳಲ್ಲಿದೆ, ಸರ್ಜಾಪುರದಲ್ಲಿ ಸ್ವಿಫ್ಟ್ ಸಿಟಿ ಎಂಬ ತಂತ್ರಜ್ಞಾನ ನಗರ ಕಟ್ಟುವುದಾಗಿ ಸರ್ಕಾರ ಹೇಳಿದೆ, ಮೆಟ್ರೊ ಬರುವ ಮಾತಿದೆ. ಭೂಸ್ವಾಧೀನದ ನೋಟಿಸು ಬರುವುದು ದಾಖಲೆಯಲ್ಲಿರುವ ಹೆಸರಿಗೆ. ಆ ಹೆಸರಿನವರು ತೀರಿಕೊಂಡು ಎರಡು ತಲೆಮಾರು ಕಳೆದಿದ್ದರೆ, ಹಕ್ಕುದಾರರು ಯಾರೆಂದು ತೀರ್ಮಾನವಾಗುವವರೆಗೆ ಪರಿಹಾರದ ಹಣ ನ್ಯಾಯಾಲಯದಲ್ಲಿ ಠೇವಣಿಯಾಗಿ ಕೂರುತ್ತದೆ. ವಂಶವೃಕ್ಷ ಬರೆಸುವಾಗ ಮದುವೆಯಾಗಿ ಬೇರೆ ಊರು ಸೇರಿದ ಅತ್ತೆಯರ ಹೆಸರು ‘ಬಿಟ್ಟುಹೋಗುವುದು’ ನಮ್ಮಲ್ಲಿ ಹೊಸದೇನಲ್ಲ. ಹತ್ತು ವರ್ಷದ ನಂತರ ಅವರ ಮಕ್ಕಳು ಆನೇಕಲ್ ನ್ಯಾಯಾಲಯದಲ್ಲಿ ವಿಭಾಗದ ದಾವೆ ಹೂಡಿದಾಗ ಬಿಟ್ಟವರಿಗೆ ನೆನಪು ಮರಳುತ್ತದೆ.

ಇದರ ಜೊತೆಗೆ ನಮ್ಮ ಭಾಗದ ವಿಶೇಷ ಕಾಯಿಲೆಯೊಂದಿದೆ, ಜಿಪಿಎ. ಕಂದಾಯ ಜಮೀನಿನಲ್ಲಿ ಮಾಡಿದ ಸೈಟುಗಳನ್ನು ಕ್ರಯಪತ್ರವಿಲ್ಲದೆ, ಜನರಲ್ ಪವರ್ ಆಫ್ ಅಟಾರ್ನಿ ಮತ್ತು ಒಂದು ಕರಾರುಪತ್ರ ಬರೆಸಿಕೊಂಡು ಕೊಂಡವರು ಬೇಕಾದಷ್ಟಿದ್ದಾರೆ. ಇಂಥ ಪತ್ರದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ, ಸೂರಜ್ ಲ್ಯಾಂಪ್ ಪ್ರಕರಣದಲ್ಲಿ, ಖಡಾಖಂಡಿತವಾಗಿ ಹೇಳಿದೆ. ಬರೆದುಕೊಟ್ಟವನು ಸತ್ತರೆ ಅಧಿಕಾರಪತ್ರವೂ ಸಾಮಾನ್ಯವಾಗಿ ಅವನೊಂದಿಗೇ ಮುಗಿಯುತ್ತದೆ. ಸೈಟು ಕೊಂಡವನು ಸತ್ತರಂತೂ, ಮಧ್ಯೆ ನಿಂತ ದಲ್ಲಾಳಿ ಯಾರು, ಬಾಕಿ ಎಷ್ಟು, ರಿಜಿಸ್ಟ್ರೇಷನ್ ಮಾಡಿಸಿಕೊಡುತ್ತೇನೆಂದು ಬಾಯಿಮಾತು ಕೊಟ್ಟವರು ಯಾರು ಎಂಬುದನ್ನು ಹೇಳಲು ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಇದು ಯಾವ ಸರ್ಕಾರಿ ಪೋರ್ಟಲಿನಲ್ಲೂ ಸಿಗುವ ಮಾಹಿತಿಯಲ್ಲ. ಚೀಟಿ, ಕೈಸಾಲ, ನೆಂಟರಿಗೆ ಬಡ್ಡಿಗೆ ಕೊಟ್ಟ ಹಣ, ಅಡವಿಟ್ಟ ಒಡವೆ ಇವೆಲ್ಲವೂ ಅದೇ ಸಾಲಿನವು. ಕೊಡಬೇಕಾದವರು ಬಂದು ಹೇಳುವುದು ಅಪರೂಪ. ಪಡೆಯಬೇಕಾದವರು ಹದಿಮೂರು ದಿನವನ್ನೂ ಕಾಯುವುದಿಲ್ಲ.

ಫ್ಲ್ಯಾಟಿನ ಮನೆಯವರು ತಮಗೆ ಈ ಗೋಜಿಲ್ಲ ಅಂದುಕೊಂಡಿರುತ್ತಾರೆ. ಓದಿದವರು, ಎಲ್ಲವೂ ಆನ್‌ಲೈನ್, ಎಲ್ಲಕ್ಕೂ ನಾಮಿನಿ ಇದೆ. ನಾಮಿನಿ ಎಂದರೆ ವಾರಸುದಾರ ಎಂಬ ನಂಬಿಕೆಯೇ ಇಲ್ಲಿನ ದೊಡ್ಡ ತಪ್ಪು. ಹಣವನ್ನು ಪಡೆದುಕೊಂಡು ವಾರಸುದಾರರಿಗೆ ಕೊಡಬೇಕಾದವನು ನಾಮಿನಿ ಎಂದು ವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿತ್ತು. ಸಂಗಾತಿ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ ವಿಮೆ ಹಣ ಅವರದ್ದೇ ಎಂದು 2015ರ ತಿದ್ದುಪಡಿ ಅದನ್ನು ಬದಲಿಸಿತು. ಷೇರು, ಮ್ಯೂಚುವಲ್ ಫಂಡುಗಳ ಮಟ್ಟಿಗೆ ಮಾತ್ರ ನಾಮಿನಿ ವಾರಸುದಾರರನ್ನು ಮೀರುವುದಿಲ್ಲ ಎಂದು 2023ರ ಡಿಸೆಂಬರಿನಲ್ಲಿ ತೀರ್ಪು ಬಂದಿದೆ. ಅಂದರೆ ಮದುವೆಗೆ ಮುಂಚೆ ತಮ್ಮನನ್ನು ನಾಮಿನಿ ಮಾಡಿ ಮರೆತ ಎಂಜಿನಿಯರ್ ಹೋದ ಮೇಲೆ, ಹೆಂಡತಿ ಮೈದುನನ ಒಳ್ಳೆಯತನವನ್ನು ನಂಬಿ ಕೂರಬೇಕು, ಇಲ್ಲವೇ ಕೋರ್ಟಿಗೆ ಹೋಗಬೇಕು. ಭವಿಷ್ಯನಿಧಿಯಲ್ಲಿ ನಿಯಮ ಇನ್ನೂ ಬೇರೆ. ಕುಟುಂಬ ಇಲ್ಲದಿದ್ದಾಗ ಮಾಡಿದ ನಾಮನಿರ್ದೇಶನ ಮದುವೆಯಾಗಿ ಕುಟುಂಬ ಬಂದೊಡನೆ ತಾನಾಗಿ ರದ್ದಾಗುತ್ತದೆ. ಅದೇ ಭವಿಷ್ಯನಿಧಿಗೆ ಅಂಟಿಕೊಂಡು ನೌಕರನ ಸಾವಿಗೆ 7 ಲಕ್ಷದವರೆಗೆ ವಿಮೆ ಇದೆ ಎಂಬುದು ಅತ್ತಿಬೆಲೆ, ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ದುಡಿಯುವ ಎಷ್ಟು ಮಂದಿಯ ಮನೆಗೆ ಗೊತ್ತಿದೆ? ಗೃಹಸಾಲದ ಜೊತೆ ವಿಮೆಯನ್ನೂ ಮಾಡಿಸಿದ್ದು ಗೊತ್ತಿಲ್ಲದೆ ಕಂತು ಕಟ್ಟುತ್ತಲೇ ಹೋಗುವ ಸಂಭವವೂ ಉಂಟು. ಸಾಲಗಾರ ತೀರಿಕೊಂಡಾಗ ಮೂಲ ಪತ್ರಗಳನ್ನು ವಾರಸುದಾರರಿಗೆ ಹಿಂದಿರುಗಿಸುವ ಕ್ರಮವನ್ನು ಬ್ಯಾಂಕುಗಳು ಮೊದಲೇ ಗೊತ್ತುಮಾಡಿರಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿತು. ಒಳ್ಳೆಯದೇ, ಆದರೆ ಪತ್ರ ಯಾವ ಬ್ಯಾಂಕಿನಲ್ಲಿದೆ ಎಂಬುದು ಕೇಳುವವರಿಗೆ ತಿಳಿದಿರಬೇಕಲ್ಲ. ಇದೆಲ್ಲದರ ಬೀಗದಕೈ ಫೋನು. ಬೆರಳಚ್ಚು ಹೋದ ಮೇಲೆ ಒಟಿಪಿ ಬರುವ ಆ ಫೋನು ತೆರೆಯುವುದಿಲ್ಲ. ರೀಚಾರ್ಜ್ ಮಾಡದ ನಂಬರು ಕೆಲವು ತಿಂಗಳಲ್ಲಿ ಇನ್ಯಾರದೋ ಆಗುತ್ತದೆ.

ಇಷ್ಟಾದರೂ ಜನ ಆಸ್ತಿ, ಸಾಲಗಳ ಒಂದು ಪಟ್ಟಿ ಬರೆದಿಡುವುದಿಲ್ಲ. ಸಾವಿನ ಮಾತೆತ್ತಿದರೆ ‘ಬಿಡ್ತು ಅನ್ನಿ’ ಎನ್ನುವ ಮನೆಗಳು ನಮ್ಮವು. ಈ ಅಳುಕನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅದೇ ಮನೆಗಳು ಪ್ರತಿವರ್ಷ ಎಲ್‌ಐಸಿ ಕಂತು ಕಟ್ಟುತ್ತವೆ, ಅಪಶಕುನ ಎಂದು ಯಾರೂ ನಿಲ್ಲಿಸಿದ್ದಿಲ್ಲ. ಅಲ್ಲದೆ ಪಟ್ಟಿ ಸಾವಿಗೆ ಮಾತ್ರವೇ ಬೇಕಾದ್ದೂ ಅಲ್ಲ. ಯಜಮಾನ ಹತ್ತು ದಿನ ಐಸಿಯುನಲ್ಲಿ ಮಲಗಿದರೆ ಆರೋಗ್ಯ ವಿಮೆಯ ಕಾರ್ಡು ಎಲ್ಲಿ ಎಂಬುದೇ ಮೊದಲ ಪ್ರಶ್ನೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ವಯಸ್ಸಾದವರದು. ಎಲ್ಲ ತಿಳಿದುಬಿಟ್ಟರೆ ಮಕ್ಕಳು ಇವತ್ತೇ ಪಾಲು ಕೇಳುತ್ತಾರೆ, ಬರೆಸಿಕೊಂಡು ಬೀದಿಗೆ ತಳ್ಳುತ್ತಾರೆ ಎಂಬ ಭಯ. ಜಮೀನಿನ ಬೆಲೆ ಏರಿದ ಊರುಗಳಲ್ಲಿ ಇದು ಬರೀ ಕಲ್ಪನೆಯಲ್ಲ. ಹಾಗಾಗಿಯೇ ತಿಳಿಸುವುದಕ್ಕೂ ಬರೆದುಕೊಡುವುದಕ್ಕೂ ಇರುವ ಅಂತರವನ್ನು ಗಟ್ಟಿಯಾಗಿ ಹಿಡಿಯಬೇಕು. ದಾನಪತ್ರ ನೋಂದಣಿಯಾದ ದಿನವೇ ಆಸ್ತಿ ಕೈಬಿಡುತ್ತದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಹೋಗಿ ರದ್ದುಮಾಡಿಸಬೇಕು. ಉಯಿಲು ಹಾಗಲ್ಲ. ಬರೆದವರು ಬದುಕಿರುವವರೆಗೆ ಅದನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ, ಬರೆದವರೂ ಇಬ್ಬರು ಸಾಕ್ಷಿಗಳೂ ಸಹಿ ಮಾಡಿದ್ದರೆ ಸಾಕು. ಪಟ್ಟಿಯಂತೂ ಇನ್ನೂ ನಿರಪಾಯಕಾರಿ, ಅದು ಯಾರಿಗೂ ಏನನ್ನೂ ಕೊಡುವುದಿಲ್ಲ. ಅದರಲ್ಲಿ ಪಾಸ್‌ವರ್ಡು, ಪಿನ್ನು ಬರೆಯಬೇಕಿಲ್ಲ, ಬರೆಯಲೂ ಬಾರದು. ಯಾವ ಬ್ಯಾಂಕು, ಯಾವ ಶಾಖೆ, ಪಾಲಿಸಿ ನಂಬರು, ಸರ್ವೆ ನಂಬರು, ಇ-ಖಾತೆ, ಲಾಕರು, ಸಾಲ, ಕೊಡತಕ್ಕದ್ದು, ಬರತಕ್ಕದ್ದು, ಮೂಲ ಪತ್ರ ಬೀರುವಿನ ಯಾವ ಕಪಾಟಿನಲ್ಲಿದೆ ಎಂಬುದಿದ್ದರೆ ಆಯಿತು. ಮಕ್ಕಳನ್ನು ನಂಬಲಾಗದವರು ಹೆಂಡತಿಗಾದರೂ ಗಂಡನಿಗಾದರೂ ತೋರಿಸಲಿ. ಅವರನ್ನೂ ನಂಬದವರ ತೊಂದರೆ ಪಟ್ಟಿಯಿಂದ ಪರಿಹಾರವಾಗುವಂಥದ್ದಲ್ಲ.

ಸರ್ಕಾರವೇ ಎಲ್ಲವನ್ನೂ ಡಿಜಿಟಲ್ ಮಾಡುತ್ತಿರುವಾಗ ನೋಟ್‌ಬುಕ್ಕಿನಲ್ಲಿ ಪಟ್ಟಿ ಯಾಕೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅನಾಥ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ಉದ್ಗಮ್ ಪೋರ್ಟಲ್ ತೆರೆಯಿತು, 2025ರ ನವೆಂಬರಿನಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಮಾಡಬಹುದು. ಆದರೆ ಹುಡುಕಬೇಕು ಎಂದು ತಿಳಿದವರಿಗೆ ಮಾತ್ರ ಪೋರ್ಟಲ್ ಉತ್ತರ ಕೊಡುತ್ತದೆ, ಅದೂ ತಡವಾಗಿ. ಸರ್ಜಾಪುರ ರಸ್ತೆಯ ಕಂಪನಿಗಳಾಗಲಿ ಬೊಮ್ಮಸಂದ್ರದ ಕಾರ್ಖಾನೆಗಳಾಗಲಿ ಇದರಲ್ಲಿ ಸುಲಭವಾಗಿ ಮಾಡಬಹುದಾದ ಕೆಲಸವೊಂದಿದೆ. ಕೆಲಸಕ್ಕೆ ಸೇರಿದ ದಿನ ನಾಮಿನಿ ಫಾರಂ ತುಂಬಿಸಿಕೊಂಡು ಕೈತೊಳೆದುಕೊಳ್ಳುವ ಬದಲು, ನೌಕರ ಮದುವೆಯ ರಜೆ ಹಾಕಿದಾಗಲೊಮ್ಮೆ, ಮಗು ಹುಟ್ಟಿದಾಗಲೊಮ್ಮೆ ಆ ಫಾರಂ ಮತ್ತೆ ಅವನ ಮುಂದಿಡಬೇಕು. ಭವಿಷ್ಯನಿಧಿ, ವಿಮೆ, ಇಎಸ್‌ಐಯಲ್ಲಿ ಮನೆಯವರಿಗೆ ಏನೇನು ಸಲ್ಲುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ, ಕನ್ನಡದಲ್ಲಿ ಮತ್ತು ಅವನ ಮನೆಮಾತಿನಲ್ಲಿ ಮುದ್ರಿಸಿ ಅವನ ಮನೆಯ ವಿಳಾಸಕ್ಕೇ ಅಂಚೆಯಲ್ಲಿ ಕಳಿಸಬೇಕು.