ಫರಸಿ ಯಾರ ಮಾತು?

ನಮ್ಮ ಸೇಡಂ, ಚಿತ್ತಾಪುರದ ಕಡೆ ಹಾಸುಗಲ್ಲಿಗೆ ‘ಫರಸಿ’ ಅಂತಾರೆ. ಬೆಂಗಳೂರಿನ ಆಫೀಸಿನಲ್ಲಿ ಈ ಶಬ್ದ ಬಾಯಿಗೆ ಬಂದರೆ ಸಾಕು, ಗೆಳೆಯರು ನಗ್ತಾರೆ: ‘ನಿಮ್ದು ಅರ್ಧ ಉರ್ದು ಕಣ್ರೀ!’

ಹೌದ್ರಿ, ಶಬ್ದ ದೂರದ್ದೇ. ಅರಬ್ಬಿಯಲ್ಲಿ ‘ಫರ್ಶ್’ ಅಂದರೆ ಹಾಸುವುದು, ಹಾಸಿದ್ದು. ಪರ್ಷಿಯನ್‌ನಲ್ಲಿ ಅದೇ ರತ್ನಗಂಬಳಿ, ಉರ್ದುವಿನಲ್ಲಿ ನೆಲ. ಮರಾಠಿಯಲ್ಲಿ ‘ಫರಶಿ’ ಆಗಿ ಕಲ್ಲಾಯಿತು. 1948ರವರೆಗೆ ನಿಜಾಮರ ಕೈಯಲ್ಲಿದ್ದ ಸೀಮೆ ನಮ್ಮದು. ಶಹಾಬಾದಿನ ಗಣಿಯಲ್ಲಿ ಕಲ್ಲು ಎಬ್ಬಿಸುವವನಿಗೆ ಇದು ಹೊಟ್ಟೆಪಾಡಿನ ಮಾತು. ‘ಫರಸಿಗೆ’, ‘ಫರಸಿ ಮ್ಯಾಲ’ ಅಂತ ಬಾಯಿ ತುಂಬ ಆಡಿದ ಮೇಲೆ ಅದು ಕನ್ನಡವಲ್ಲದೆ ಮತ್ತೇನು?

ನಕ್ಕವರು ಕೂತ ಕುರ್ಚಿ ಅರಬ್ಬಿಯದು. ಅವರ ಅರ್ಜಿ, ಕಾಗದ, ಸಾಲ ಮಾಡಿ ಕೊಳ್ಳುವ ಜಮೀನು, ಕಡೆಗೆ ಎಸೆಯುವ ರಾಜೀನಾಮೆ, ಎಲ್ಲಾ ಅರಬ್ಬಿ, ಪರ್ಷಿಯನ್‌ನಿಂದ ಬಂದವೇ. ಅವು ಕನ್ನಡ, ನಮ್ಮದು ಮಾತ್ರ ಬೆರಕೆ? ಹಂಗಂದ್ರ ಇದು ಭಾಷೆಯ ಲೆಕ್ಕ ಅಲ್ಲ, ಊರಿನ ಲೆಕ್ಕ. ವಾಡಿಯ ಹುಡುಗ, ಚಿಂಚೋಳಿಯ ಹುಡುಗಿ ಇಂಟರ್‌ವ್ಯೂನಲ್ಲಿ ಕನ್ನಡ ಆಡೋಕೂ ಹಿಂಜರಿಯುವುದು ಇಂಥ ನಗುವಿಗೇ.

‘ಕವಿರಾಜಮಾರ್ಗ’ ಹುಟ್ಟಿದ್ದು ರಾಷ್ಟ್ರಕೂಟರ ಆಸ್ಥಾನದಲ್ಲಿ. ಅವರ ರಾಜಧಾನಿ ಮಾನ್ಯಖೇಟ ಅಂದರೆ ಸೇಡಂ ತಾಲೂಕಿನ ಇಂದಿನ ಮಳಖೇಡ. ಕನ್ನಡ ಒಂದಲ್ಲ, ಹಲವು ಅಂತ 9ನೇ ಶತಮಾನದಲ್ಲೇ ಹೇಳಿದ ಪುಸ್ತಕ ಅದು. ನಮಗೆ ಶುದ್ಧ ಕನ್ನಡದ ಪಾಠ ಹೇಳೋ ಮೊದಲು ಅಷ್ಟು ಓದ್ರಿ. ನಾನಂತೂ ಫರಸಿಗೆ ಫರಸಿ ಅಂತಲೇ ಅಂತೀನಿ.