ಪಿಡಿಒಗೆ ಡಿಗ್ರಿ ಬೇಕು, ಮೆಂಬರಿಗೆ ಬೇಡವೇ?

ಮೈಸೂರಿನಿಂದ ಬಿಳಿಕೆರೆ ಕಡೆಗೆ ಬರುವ ಸಂಜೆಯ ಬಸ್ಸಿನಲ್ಲಿ ನಾವು ನಾಲ್ಕೈದು ಜನ ದಿನವೂ ಜೊತೆಯಾಗುತ್ತೇವೆ. ಅದರಲ್ಲಿ ಒಬ್ಬ ಗೆಳೆಯ ಬಿ.ಎ. ಮುಗಿಸಿ ಪಿಡಿಒ ಪರೀಕ್ಷೆಗೆ ಓದುತ್ತಿದ್ದಾನೆ. ಮೊನ್ನೆ ಅವನು ಪುಸ್ತಕ ಮುಚ್ಚಿ ಸಿಟ್ಟಿನಲ್ಲೇ ಕೇಳಿದ: ‘ಪಿಡಿಒ ಆಗೋಕೆ ನಾನು ಡಿಗ್ರಿ ಮಾಡ್ಬೇಕು, ಸಾವಿರಾರು ಜನರ ಜೊತೆ ಎಕ್ಸಾಂ ಬರೀಬೇಕು. ಆದ್ರೆ ನನ್ನನ್ನ ಕೂರಿಸ್ಕೊಂಡು ಲೆಕ್ಕ ಕೇಳೋ ಮೆಂಬರ್ ಹೆಬ್ಬೆಟ್ಟು ಒತ್ತೋರಾದ್ರೂ ನಡೀತದೆ. ಇದ್ಯಾವ ನ್ಯಾಯ ಕಣೋ?’

ಎಲ್ಲರೂ ‘ಹೌದು’ ಎಂದರು. ನಾನೂ ಎಂದೆ. ಕ್ಯಾಂಪಸ್‌ಗೆ ಬರುವ ಕಂಪನಿಗಳು ಹತ್ತನೇ ತರಗತಿಯಿಂದಲೂ ಶೇ 60 ಅಂಕ ಇರಬೇಕು, ಒಂದು ಬ್ಯಾಕ್‌ಲಾಗ್ ಇದ್ದರೂ ಬರಬೇಡಿ ಎನ್ನುತ್ತವೆ. ಅಂಥದ್ದರಲ್ಲಿ ಊರನ್ನು ನಡೆಸುವವರಿಗೆ ಯಾವ ಅರ್ಹತೆಯೂ ಬೇಡವೇ ಎಂಬ ಪ್ರಶ್ನೆ ನನಗೂ ಸರಿಯೆನಿಸಿತ್ತು. 2020ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿ ಸದಸ್ಯರ ಐದು ವರ್ಷದ ಅವಧಿ ಮುಗಿಯುವ ಹಂತಕ್ಕೆ ಬಂದಿತ್ತು. ಊರಲ್ಲಿ ‘ಈ ಸಲ ಯಾರು ನಿಲ್ತಾರೆ’ ಎಂಬ ಮಾತು ಶುರುವಾಗಿದೆ. ಹಾಗಾಗಿ ನಿಲ್ಲಲು ನಿಜವಾಗಿ ಏನೇನು ಬೇಕು ಎಂದು ತಿಳಿಯಲು ಹೊರಟೆ. ತಿಳಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು.

ಕಾಯ್ದೆ ಕೇಳುವುದು ಇಷ್ಟೇ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಗ್ರಾಮ ಪಂಚಾಯಿತಿಗೆ ನಿಲ್ಲುವವರ ಹೆಸರು ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಇರಬೇಕು. ತಮ್ಮ ವಾರ್ಡ್ ಬಿಟ್ಟು ಅದೇ ಪಂಚಾಯಿತಿಯ ಬೇರೆ ವಾರ್ಡಿನಿಂದಲೂ ನಿಲ್ಲಬಹುದು. ವಯಸ್ಸು 21 ತುಂಬಿರಬೇಕು. ಇದನ್ನು ಸಂವಿಧಾನದ 243ಎಫ್ ವಿಧಿಯೇ ಹೇಳುತ್ತದೆ. ಮೀಸಲು ಕ್ಷೇತ್ರವಾದರೆ ಆ ವರ್ಗಕ್ಕೆ ಸೇರಿರಬೇಕು. 2020ರಲ್ಲಿ ಠೇವಣಿ ಸಾಮಾನ್ಯ ಅಭ್ಯರ್ಥಿಗೆ 200 ರೂಪಾಯಿ, ಮಹಿಳೆಯರಿಗೆ, ಪರಿಶಿಷ್ಟರಿಗೆ ಮತ್ತು ಹಿಂದುಳಿದ ವರ್ಗದವರಿಗೆ 100 ರೂಪಾಯಿ ಇತ್ತು.

ಇನ್ನು ಯಾರು ನಿಲ್ಲುವಂತಿಲ್ಲ ಎಂಬ ಪಟ್ಟಿ ಇದೆ. ಸರ್ಕಾರಿ ಲಾಭದ ಹುದ್ದೆಯಲ್ಲಿ ಇರುವವರು, ದಿವಾಳಿ ಎಂದು ಘೋಷಿತರಾದವರು, ಅದೇ ಪಂಚಾಯಿತಿಯ ಕಾಮಗಾರಿ ಗುತ್ತಿಗೆಯಲ್ಲಿ ಪಾಲು ಇಟ್ಟುಕೊಂಡವರು, ಕಾಯ್ದೆ ಹೇಳುವಂಥ ಅಪರಾಧಗಳಲ್ಲಿ ಶಿಕ್ಷೆಯಾದವರು ಅದರಲ್ಲಿ ಬರುತ್ತಾರೆ. ಮನೆಯವರ ಬಳಕೆಗೆ ಶೌಚಾಲಯ ಇರಬೇಕು ಎಂಬ ಷರತ್ತೂ ನಮ್ಮ ಕಾಯ್ದೆಯಲ್ಲಿದೆ. ಓದಿನ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಇದು ಮರೆತು ಬಿಟ್ಟಿದ್ದಲ್ಲ. ಸಂಸದರಾಗಲು, ಶಾಸಕರಾಗಲು ಕೂಡ ನಮ್ಮ ಸಂವಿಧಾನ ಪದವಿ ಕೇಳಿಲ್ಲ.

ಹರಿಯಾಣ ಕೇಳಿತು, ಏನಾಯಿತು?

ಓದು ಕಡ್ಡಾಯ ಮಾಡಿದ ರಾಜ್ಯಗಳೂ ಇವೆ. ಹರಿಯಾಣ 2015ರಲ್ಲಿ ಕಾಯ್ದೆ ತಿದ್ದಿ, ಪಂಚಾಯಿತಿಗೆ ನಿಲ್ಲುವವರು ಹತ್ತನೇ ತರಗತಿ ಪಾಸಾಗಿರಬೇಕು ಎಂದಿತು. ಮಹಿಳೆಯರಿಗೂ ಪರಿಶಿಷ್ಟರಿಗೂ ಸ್ವಲ್ಪ ರಿಯಾಯಿತಿ ಕೊಟ್ಟಿತು. ಸಹಕಾರಿ ಬ್ಯಾಂಕಿನ ಸಾಲ, ಕರೆಂಟ್ ಬಿಲ್ ಬಾಕಿ ಇದ್ದವರೂ ನಿಲ್ಲುವಂತಿಲ್ಲ ಎಂದಿತು. ಇದನ್ನು ಪ್ರಶ್ನಿಸಿದ ರಾಜ್‌ಬಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಡಿಸೆಂಬರ್ 10ರಂದು ಹರಿಯಾಣದ ಕಾಯ್ದೆಯನ್ನೇ ಎತ್ತಿಹಿಡಿಯಿತು. ಅಂದರೆ ಕಾನೂನಿನ ದೃಷ್ಟಿಯಿಂದ ನನ್ನ ಗೆಳೆಯನ ವಾದ ಗೆದ್ದಿದೆ. ರಾಜಸ್ಥಾನವೂ ಇಂಥದ್ದೇ ನಿಯಮ ತಂದಿತ್ತು. 2019ರಲ್ಲಿ ಅದನ್ನು ಕೈಬಿಟ್ಟಿತು.

ಕೋರ್ಟ್ ಒಪ್ಪಿದೆ ಎಂದ ಮಾತ್ರಕ್ಕೆ ನಮಗೂ ಅದು ಒಳ್ಳೆಯದು ಎಂದಾಗುವುದಿಲ್ಲ. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ 75.36, ಮಹಿಳೆಯರದ್ದು ಶೇ 68.08. ಸಾಕ್ಷರತೆ ಎಂದರೆ ಓದಲು ಬರೆಯಲು ಬರುತ್ತದೆ ಎಂದಷ್ಟೇ, ಹತ್ತನೇ ತರಗತಿ ಪಾಸಾಗಿದ್ದಾರೆ ಎಂದಲ್ಲ. ನಮ್ಮಲ್ಲಿ ಪಂಚಾಯಿತಿಯ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಒಂದು ಕೈಯಲ್ಲಿ ಮೀಸಲಾತಿ ಕೊಟ್ಟು ಇನ್ನೊಂದು ಕೈಯಲ್ಲಿ ಮಾರ್ಕ್ಸ್‌ಕಾರ್ಡ್ ಕೇಳಿದರೆ, ನಿಲ್ಲಲು ಉಳಿಯುವವರು ಯಾರು? ಊರಲ್ಲಿ ಮೊದಲಿನಿಂದಲೂ ಓದುವ ಅನುಕೂಲ ಇದ್ದ ಕೆಲವು ಮನೆಗಳವರು. ನಮ್ಮಜ್ಜಿ ಶಾಲೆಗೆ ಹೋಗದೆ ಇದ್ದದ್ದು ಹೊಗೆಸೊಪ್ಪಿನ ಬ್ಯಾರನ್ ಕೆಲಸಕ್ಕೆ ಕೈ ಬೇಕಾಗಿತ್ತು ಎಂಬ ಕಾರಣಕ್ಕೆ. ಶಾಲೆಗೆ ಕಳಿಸದೆ ಇದ್ದದ್ದು ಒಂದು ಅನ್ಯಾಯ. ಶಾಲೆಗೆ ಹೋಗಿಲ್ಲ ಎಂದು ಚುನಾವಣೆಯಿಂದಲೂ ಹೊರಗಿಡುವುದು ಅದರ ಮೇಲೆ ಇನ್ನೊಂದು.

ಅಧಿಕಾರಿ ಬೇರೆ, ಪ್ರತಿನಿಧಿ ಬೇರೆ

ಈ ವಿಷಯ ಹುಡುಕುವಾಗ ಅಮೆರಿಕದ ಒಂದು ಪದ್ಧತಿ ಕಣ್ಣಿಗೆ ಬಿತ್ತು. ಅಲ್ಲಿ ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂಥ ವಿಭಾಗ. ಬಹುತೇಕ ರಾಜ್ಯಗಳಲ್ಲಿ ಕೌಂಟಿಯ ಪೊಲೀಸ್ ಕೆಲಸ ನೋಡುವ ಷೆರಿಫ್ ಎಂಬ ಅಧಿಕಾರಿಯನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ಆ ಷೆರಿಫ್ ಬಂಧಿಸಬಲ್ಲ, ಜೈಲು ನಡೆಸಬಲ್ಲ. ಅದಕ್ಕೇ ಕ್ಯಾಲಿಫೋರ್ನಿಯಾದಲ್ಲಿ ಷೆರಿಫ್ ಚುನಾವಣೆಗೆ ನಿಲ್ಲುವವರಿಗೆ ಪೊಲೀಸ್ ಕೆಲಸದ ಅರ್ಹತೆ, ಅನುಭವ ಕೇಳುತ್ತಾರೆ. ಅಲ್ಲೂ ಪದವಿ ಕಡ್ಡಾಯವಲ್ಲ. ಓದು ಕಡಿಮೆ ಇದ್ದವರು ಹೆಚ್ಚು ವರ್ಷದ ಅನುಭವ ತೋರಿಸಬೇಕು, ಅಷ್ಟೇ.

ಷೆರಿಫ್‌ಗೆ ಅನುಭವ ಕೇಳುವುದು ಸರಿ, ಏಕೆಂದರೆ ಕೆಲಸವನ್ನು ಅವನೇ ಮಾಡಬೇಕು. ನಮ್ಮ ಪಂಚಾಯಿತಿಯಲ್ಲಿ ಕಡತ, ಲೆಕ್ಕ, ಬಿಲ್ಲು ನೋಡಲು ಪಿಡಿಒ ಇದ್ದಾರೆ, ಕಾರ್ಯದರ್ಶಿ ಇದ್ದಾರೆ. ರಸ್ತೆ, ಚರಂಡಿಯ ಅಂದಾಜು ಮಾಡಲು ಎಂಜಿನಿಯರ್ ಇದ್ದಾರೆ. ಅವರಿಗೆ ಪದವಿ, ಪರೀಕ್ಷೆ ಬೇಕೇ ಬೇಕು. ಸದಸ್ಯರ ಕೆಲಸ ಬೇರೆ. ಯಾವ ಬೀದಿಗೆ ಮೊದಲು ನೀರು, ಯಾರಿಗೆ ಮನೆ, ಹಣ ಎಲ್ಲಿ ಹೋಯಿತು ಎಂದು ಕೇಳುವುದು, ತೀರ್ಮಾನಿಸುವುದು. ಹೀಗೆ ಕೇಳುವ ಅಧಿಕಾರ ಓಟಿನಿಂದ ಬರುತ್ತದೆ, ಮಾರ್ಕ್ಸ್‌ಕಾರ್ಡಿನಿಂದಲ್ಲ.

ನಮ್ಮ ಬೀದಿಯಿಂದ ಗೆದ್ದಿದ್ದ ಸದಸ್ಯೆಯೊಬ್ಬರು ಓದಿದ್ದು ನಾಲ್ಕನೇ ಕ್ಲಾಸು. ಕೆಳಗಿನ ಬೀದಿಗೆ ಚರಂಡಿ ಮಾಡಲು ಗುರುತು ಹಾಕಿದಾಗ ಅವರು ಹೋಗಿ ಅಡ್ಡ ನಿಂತರು. ‘ಸ್ವಾಮಿ, ನೀರು ಅತ್ಲಾಗೆ ಹರಿಯಲ್ಲ. ಮಳೆ ಹುಯ್ದಾಗ ಒಂದ್ಸಲ ಬಂದು ನೋಡಿ’ ಎಂದರು. ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಲೆವೆಲ್ ತೆಗೆಯುವುದನ್ನು ಕಾಲೇಜಿನಲ್ಲಿ ಕಲಿಸಿದ್ದಾರೆ. ಮತ್ತೆ ಲೆವೆಲ್ ನೋಡಿದಾಗ ಆಕೆ ಹೇಳಿದ್ದೇ ಸರಿಯಾಗಿತ್ತು. ಇಪ್ಪತ್ತು ಮಳೆಗಾಲ ಮನೆಯೊಳಗೆ ನುಗ್ಗಿದ ನೀರನ್ನು ಎತ್ತಿ ಚೆಲ್ಲಿದವರಿಗೆ ಇಳಿಜಾರು ಎತ್ತ ಇದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ಸದಸ್ಯೆ ಸಭೆಯ ನಡವಳಿಯನ್ನು ಪೂರ್ತಿ ಓದಲಾರದೆ ಸಹಿ ಹಾಕಿದ್ದೂ ಉಂಟು. ಮಗ ಮನೆಯಲ್ಲಿದ್ದರೆ ಓದಿ ಹೇಳುತ್ತಿದ್ದ, ಇಲ್ಲದಿದ್ದರೆ ಇಲ್ಲ. ಇಂಥ ಸಹಿಗಳ ಲಾಭ ಪಡೆಯುವವರು ಎಲ್ಲ ಕಡೆ ಇರುತ್ತಾರೆ. ಇದಕ್ಕೆ ಪರಿಹಾರ ಆಕೆಯನ್ನು ಹೊರಗೆ ಕಳಿಸುವುದಲ್ಲ, ಆಕೆಗೆ ಕಲಿಸುವುದು. ‘ನೀರು ಸಾಬ್’ ಎಂದು ಜನ ಕರೆದ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ. ಗೆದ್ದವರಿಗೆ ತರಬೇತಿ ಕೊಡುವುದೇ ಅದರ ಕೆಲಸ. ಆ ತರಬೇತಿ ಒಂದೆರಡು ದಿನಕ್ಕೆ ಮುಗಿಯದೆ ಐದು ವರ್ಷವೂ ಮುಂದುವರಿಯಲಿ ಎಂದು ನಾವು ಕೇಳಬೇಕು.

ಕಾಯ್ದೆಯಲ್ಲಿ ಬರೆಯದ ಅರ್ಹತೆಗಳು

ಠೇವಣಿ 200 ರೂಪಾಯಿ ಎಂದೆ. ನಮ್ಮೂರಲ್ಲಿ ಯಾರನ್ನಾದರೂ ಕೇಳಿ, ‘ಇನ್ನೂರು ರೂಪಾಯಲ್ಲಿ ಎಲೆಕ್ಷನ್ನಾ?’ ಎಂದು ನಗುತ್ತಾರೆ. ಊಟ, ಬಾಟಲಿ, ಕೊನೆಯ ರಾತ್ರಿಯ ಹಂಚಿಕೆ ಎಲ್ಲ ಸೇರಿದರೆ ಒಂದು ವಾರ್ಡಿನ ಖರ್ಚು ಒಂದು ಬೆಳೆಯ ದುಡ್ಡನ್ನೇ ನುಂಗಬಹುದು. ಇದು ಯಾವ ಕಲಮಿನಲ್ಲೂ ಇಲ್ಲದ ಮೊದಲ ಅರ್ಹತೆ.

ಎರಡನೆಯದು ‘ಒಮ್ಮತ’. ಹುಣಸೂರು, ಪಿರಿಯಾಪಟ್ಟಣದ ಕಡೆಯ ನಮಗೆ ಹರಾಜು ಎಂದರೆ ತಂಬಾಕು ಮಾರುಕಟ್ಟೆ. ಬೇಲಿನ ಮುಂದೆ ನಿಂತು ದರ ಕೂಗುವುದನ್ನು ಚಿಕ್ಕಂದಿನಿಂದ ನೋಡಿದ್ದೇವೆ. 2020ರ ಚುನಾವಣೆಯಲ್ಲಿ ರಾಜ್ಯದ ಹಲವು ಕಡೆ ಪಂಚಾಯಿತಿ ಸ್ಥಾನಗಳನ್ನೇ ಹೀಗೆ ಹರಾಜು ಹಾಕಿದ ಸುದ್ದಿ ಬಂತು. ದೇವಸ್ಥಾನಕ್ಕೆ ಹೆಚ್ಚು ಹಣ ಕೊಡುವವರೇ ಸದಸ್ಯರು, ಉಳಿದವರು ನಾಮಪತ್ರ ಹಾಕುವಂತಿಲ್ಲ ಎಂಬ ತೀರ್ಮಾನ. ಹೀಗೆ ಮಾಡಿದರೆ ಪ್ರಕರಣ ದಾಖಲಿಸುವುದಾಗಿ ರಾಜ್ಯ ಚುನಾವಣಾ ಆಯೋಗ ಎಚ್ಚರಿಸಬೇಕಾಯಿತು. ಆ ಚುನಾವಣೆಯಲ್ಲಿ 90 ಸಾವಿರಕ್ಕೂ ಹೆಚ್ಚು ಸ್ಥಾನಗಳ ಪೈಕಿ 8 ಸಾವಿರಕ್ಕೂ ಹೆಚ್ಚು ಸ್ಥಾನಗಳಲ್ಲಿ ಅವಿರೋಧ ಆಯ್ಕೆ ನಡೆಯಿತು. ಅವೆಲ್ಲ ಹರಾಜಿನವಲ್ಲ, ನಿಜವಾದ ಒಪ್ಪಂದದಿಂದ ಆದವೂ ಇರುತ್ತವೆ. ಆದರೆ ಅವಿರೋಧ ಎಂದ ಕಡೆ, ನಿಲ್ಲಬೇಕೆಂದಿದ್ದ ಯಾರನ್ನಾದರೂ ಕೂರಿಸಿದರೇ ಎಂದು ಒಮ್ಮೆ ಕೇಳಿ ನೋಡಬೇಕು.

ಮೂರನೆಯದು ಗಂಡ. ಮಹಿಳಾ ಮೀಸಲು ಬಂದರೆ ‘ಯಜಮಾನರು ಒಪ್ಪಿದರೆ’ ಎಂಬ ಷರತ್ತು. ಗೆದ್ದ ಮೇಲೂ ಸಭೆಯ ಕುರ್ಚಿಯಲ್ಲಿ ಆಕೆ, ಫೋನಿನಲ್ಲಿ ಆತ. ಇಷ್ಟು ಬೇಲಿ ಇರುವಾಗ ‘ಡಿಗ್ರಿ’ ಎಂಬ ಇನ್ನೊಂದು ಬೇಲಿ ಕಟ್ಟಿದರೆ ದುಡ್ಡಿದ್ದವನಿಗೆ ಏನೂ ಆಗುವುದಿಲ್ಲ. ಅವನು ಓದಿದ ಮಗನನ್ನೋ ಸೊಸೆಯನ್ನೋ ನಿಲ್ಲಿಸುತ್ತಾನೆ. ಹೊರಗೆ ಉಳಿಯುವುದು ಚರಂಡಿಯ ಇಳಿಜಾರು ಗೊತ್ತಿದ್ದ ಆ ಹೆಂಗಸು.

ಚುನಾವಣೆಯೇ ಇಲ್ಲದಿದ್ದರೆ?

ಎಲ್ಲ ಅರ್ಹತೆ ಇದ್ದೂ ನಿಲ್ಲಲಾಗದ ಸ್ಥಿತಿಯೂ ಒಂದಿದೆ. ನಮ್ಮ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಕೊನೆಯ ಸಲ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆಗ ನಾನು ಐದನೇ ತರಗತಿ. ಅವರ ಅವಧಿ 2021ರಲ್ಲೇ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತಾ ವರ್ಷಗಳು ಹೋದವು. ನಾನೀಗ ಬಿ.ಇ. ಮೂರನೇ ವರ್ಷ, ಇನ್ನೂ ಅಲ್ಲಿ ಆಡಳಿತಾಧಿಕಾರಿಗಳೇ ಇದ್ದಾರೆ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಅಭ್ಯರ್ಥಿಗೆ ಒಂದು ದಿನ ವಯಸ್ಸು ಕಡಿಮೆಯಾದರೂ ನಾಮಪತ್ರ ತಿರಸ್ಕರಿಸುವ ವ್ಯವಸ್ಥೆ, ತಾನೇ ವರ್ಷಗಟ್ಟಲೆ ತಡ ಮಾಡಿದರೆ ಕೇಳುವವರಿಲ್ಲ. ಗ್ರಾಮ ಪಂಚಾಯಿತಿಗೂ ಇದೇ ಗತಿ ಬರಬಾರದು. ನಾವು ದನಿ ಎತ್ತಬೇಕಾದದ್ದು ಮೆಂಬರಿನ ಡಿಗ್ರಿಗಿಂತ ಮೊದಲು ಇದರ ಬಗ್ಗೆ.

ಹಾಗಾದರೆ ನಾವೇನು ಮಾಡಬಹುದು?

ನನಗೆ ಈಗ 20. 2024ರ ಏಪ್ರಿಲ್ 26ರಂದು ಲೋಕಸಭೆಗೆ ಮೊದಲ ಓಟು ಹಾಕಿದೆ. ದೇಶಕ್ಕೆ ಸಂಸದರನ್ನು ಆರಿಸಬಲ್ಲೆ, ನನ್ನ ಬೀದಿಯಿಂದ ನಿಲ್ಲಲಾರೆ. ಓಟಿನ ವಯಸ್ಸನ್ನು 1989ರಲ್ಲಿ 21ರಿಂದ 18ಕ್ಕೆ ಇಳಿಸಿದರು; ನಿಲ್ಲುವ ವಯಸ್ಸು ಹಾಗೇ ಉಳಿಯಿತು. ಲೋಕಸಭೆ, ವಿಧಾನಸಭೆಗೆ ನಿಲ್ಲುವ ವಯಸ್ಸನ್ನು 25ರಿಂದ 18ಕ್ಕೆ ಇಳಿಸಬಹುದು ಎಂದು ಸಂಸದೀಯ ಸ್ಥಾಯಿ ಸಮಿತಿ 2023ರಲ್ಲಿ ಶಿಫಾರಸು ಮಾಡಿದೆ. ಅದು ಆದಾಗ ಆಗಲಿ. 21 ತುಂಬಿದವರಿಗೆ ಈಗಲೇ ಬಾಗಿಲು ತೆರೆದಿದೆ, ಓದುತ್ತಿದ್ದೀರಿ ಎಂಬ ಕಾರಣಕ್ಕೆ ಕಾಯ್ದೆ ತಡೆಯುವುದಿಲ್ಲ.

ನಿಲ್ಲುವ ಮನಸ್ಸಿರುವವರು ಮೊದಲು ಮತದಾರರ ಪಟ್ಟಿ ನೋಡಿಕೊಳ್ಳಿ. ಮೈಸೂರಿನ ರೂಮಿಗೋ ಬೆಂಗಳೂರಿನ ಪಿಜಿಗೋ ಓಟು ವರ್ಗಾಯಿಸಿಕೊಂಡಿದ್ದರೆ ಊರಲ್ಲಿ ನಿಲ್ಲಲಾಗದು. ಮೀಸಲು ಕ್ಷೇತ್ರವಾದರೆ ಜಾತಿ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಸೂಚಕರಾಗಿ ಸಹಿ ಹಾಕುವವರು ಅದೇ ವಾರ್ಡಿನ ಮತದಾರರೇ ಎಂದು ಖಚಿತ ಮಾಡಿಕೊಳ್ಳಿ. ನಿಲ್ಲದವರಿಗೂ ಕೆಲಸ ಇದೆ. ವಾರ್ಡ್ ಸಭೆ, ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಊರಿನ ಪ್ರತಿ ಮತದಾರನೂ ಅದರ ಸದಸ್ಯ. ಅಲ್ಲಿ ಕುಳಿತು ಖರ್ಚಿನ ಪಟ್ಟಿ ಓದಿ ಹೇಳಲು ನಮ್ಮ ಓದು ಸಾಕು.

ಮರುದಿನ ಬಸ್ಸಿನಲ್ಲಿ ಗೆಳೆಯನಿಗೆ ಇಷ್ಟನ್ನೂ ಹೇಳಿದೆ. ಅವನು ಪೂರ್ತಿ ಒಪ್ಪಲಿಲ್ಲ. ‘ನಾನು ಪಿಡಿಒ ಆದ್ಮೇಲೆ ಹೆಬ್ಬೆಟ್ಟಿನ ಮೆಂಬರ್ ಬಂದ್ರೆ ಏನ್ಮಾಡ್ಲಿ?’ ಎಂದ. ‘ಸಹಿ ಹಾಕಿಸೋ ಮುಂಚೆ ಓದಿ ಹೇಳು’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದನ್ನ ಮಾಡಬಹುದು ಬಿಡು’ ಎಂದು ಮತ್ತೆ ಪುಸ್ತಕ ತೆರೆದ.