ಕೋಟಿಯ ಯಂತ್ರಕ್ಕೆ ಬೀಗ ಯಾರಿಗಾಗಿ?

2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನ ಆಹಾರ ಸುರಕ್ಷತಾ ಅಧಿಕಾರಿಗಳು ಭಾರತದ ಎರಡು ಹೆಸರಾಂತ ಕಂಪನಿಗಳ ಕೆಲವು ಮಸಾಲೆ ಪುಡಿಗಳ ಮಾರಾಟ ತಡೆದರು. ಪುಡಿಯಲ್ಲಿ ಎಥಿಲೀನ್ ಆಕ್ಸೈಡ್ ಇದೆ ಎಂಬುದು ದೂರು. ದೊಡ್ಡ ಕಂಪನಿಗಳಿಗೆ ಸ್ವಂತ ಲ್ಯಾಬ್ ಇರುತ್ತದೆ, ವಕೀಲರೂ ಇರುತ್ತಾರೆ. ಮೈಸೂರಿನ ಹೆಬ್ಬಾಳದಲ್ಲೋ ಕೂರ್ಗಳ್ಳಿಯಲ್ಲೋ ಹತ್ತಾರು ಜನರನ್ನಿಟ್ಟುಕೊಂಡು ಸಾಂಬಾರ್ ಪುಡಿ ಮಾಡಿ ಹೊರದೇಶಕ್ಕೆ ಕಳಿಸುವ ಆಸೆ ಇರುವವನ ಪಾಡೇನು? ಆ ರಾಸಾಯನಿಕವನ್ನು ಅತಿ ಸಣ್ಣ ಪ್ರಮಾಣದಲ್ಲೂ ಹಿಡಿಯಲು ಗ್ಯಾಸ್ ಕ್ರೊಮಟೋಗ್ರಾಫಿಗೆ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದ ಯಂತ್ರ ಬೇಕು. ಸಣ್ಣ ಕಾರ್ಖಾನೆಯವನು ತನ್ನ ಕಟ್ಟಡ ಮಾರಿದರೂ ಅದನ್ನು ಕೊಳ್ಳಲಾರ.

ಹಾಗಂತ ಮೈಸೂರಿಗೆ ಯಂತ್ರಗಳ ಬರವಿಲ್ಲ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ), 1961ರ ರಕ್ಷಣಾ ಆಹಾರ ಪ್ರಯೋಗಾಲಯ, ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ, ಸರಸ್ವತಿಪುರಂ ಪಕ್ಕದಲ್ಲೇ ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿ, ಇವೆಲ್ಲ ಒಂದೇ ಊರಿನೊಳಗಿವೆ. ಮೈಸೂರು ವಿಶ್ವವಿದ್ಯಾಲಯಕ್ಕೆ ‘ಉತ್ಕೃಷ್ಟತಾ ಸಂಸ್ಥೆ’ ಎಂದು ಕೇಂದ್ರ ಸರ್ಕಾರ 100 ಕೋಟಿ ರೂಪಾಯಿ ಕೊಟ್ಟಿತು. ವಿಜ್ಞಾನ ಭವನ ಎದ್ದದ್ದು, ಅದರೊಳಗೆ ಉಪಕರಣಗಳು ಬಂದದ್ದು ಆ ಹಣದಲ್ಲಿ. 2016ರ ಜನವರಿಯಲ್ಲಿ ಪ್ರಧಾನಿ ಬಂದು ಭಾರತೀಯ ವಿಜ್ಞಾನ ಕಾಂಗ್ರೆಸ್ ಉದ್ಘಾಟಿಸಿದ್ದೂ ಇದೇ ಗಂಗೋತ್ರಿಯಲ್ಲಿ. ಅಲ್ಲಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಆಟೋದಲ್ಲೇ ಹೋಗಬಹುದು.

ವಿಶ್ವವಿದ್ಯಾಲಯದ ಯಂತ್ರಗಳನ್ನು ಕೈಗಾರಿಕೆಗೆ ತೆರೆಯಬೇಕೇ ಎಂಬ ಮಾತು ಬಂದಾಗಲೆಲ್ಲ ಎರಡು ಗುಂಪು ಎದ್ದು ನಿಲ್ಲುತ್ತವೆ. ತೆರೆದರೆ ವಿಶ್ವವಿದ್ಯಾಲಯ ಅಂಗಡಿಯಾಗುತ್ತದೆ, ಪಿಎಚ್‌.ಡಿ. ಮಕ್ಕಳು ಸಾಲಿನ ಕೊನೆಗೆ ಬೀಳುತ್ತಾರೆ ಎನ್ನುತ್ತದೆ ಒಂದು. ತೆರಿಗೆದಾರರ ದುಡ್ಡಿನ ಯಂತ್ರ ಧೂಳು ಹಿಡಿಯುತ್ತಿದೆ, ನಾಳೆಯೇ ಬಾಗಿಲು ತೆಗೆಯಿರಿ ಎನ್ನುತ್ತದೆ ಇನ್ನೊಂದು. ಇಬ್ಬರೂ ಯಂತ್ರದ ಬಗ್ಗೆ ಮಾತಾಡುತ್ತಾರೆ. ಅದನ್ನು ನಡೆಸುವ ಮನುಷ್ಯನ ಸುದ್ದಿ ಯಾರೂ ಎತ್ತುವುದಿಲ್ಲ. ಜಗಳ ಬಗೆಹರಿಯದೇ ಉಳಿದಿರುವುದು ಅದಕ್ಕೇ.

ಅಣುಗಳ ರಚನೆ ತಿಳಿಸುವ ಎನ್‌ಎಂಆರ್ ಯಂತ್ರವನ್ನೇ ನೋಡಿ. ಅದರ ಹೊಟ್ಟೆಯಲ್ಲಿರುವ ಅತಿವಾಹಕ ಆಯಸ್ಕಾಂತ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿರಬೇಕು. ಸುತ್ತ ದ್ರವ ಸಾರಜನಕದ ಇನ್ನೊಂದು ಕವಚ. ಯಾರೂ ಮಾದರಿ ಹಾಕದಿದ್ದರೂ ಎರಡೂ ಆವಿಯಾಗುತ್ತಲೇ ಇರುತ್ತವೆ. ಸಾರಜನಕವನ್ನು ಪದೇ ಪದೇ, ಹೀಲಿಯಂ ಅನ್ನು ಕೆಲವು ತಿಂಗಳಿಗೊಮ್ಮೆ ತುಂಬಬೇಕು. ನಮ್ಮ ದೇಶದ ಹೀಲಿಯಂ ಬಹುಪಾಲು ಹೊರಗಿನಿಂದ ಬರುವಂಥದ್ದು, ಬೆಲೆ ನಮ್ಮ ಕೈಯಲ್ಲಿಲ್ಲ. ಬಿಲ್ ಪಾಸಾಗುವುದು ತಡವಾಗಿ ಹೀಲಿಯಂ ಮಟ್ಟ ಇಳಿದರೆ ಆಯಸ್ಕಾಂತ ಬಿಸಿಯೇರಿ, ಉಳಿದ ದ್ರವವೂ 700 ಪಟ್ಟು ಹಿಗ್ಗಿ ಅನಿಲವಾಗಿ ಹಾರಿಹೋಗುತ್ತದೆ. ಅದನ್ನು ಮತ್ತೆ ತಂಪಾಗಿಸಿ ನಡೆಸುವುದು ಭಾರಿ ಖರ್ಚಿನ ಕೆಲಸ. ಇದನ್ನು ದಿನವೂ ನೋಡಿಕೊಳ್ಳಬೇಕಾದ ತಂತ್ರಜ್ಞ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ಕಡೆ ಗುತ್ತಿಗೆಯವನು. ಕಲಿತು ಕೈ ಪಳಗುವ ಹೊತ್ತಿಗೆ ಗುತ್ತಿಗೆ ಮುಗಿದಿರುತ್ತದೆ, ಇಲ್ಲವೇ ಔಷಧ ಕಂಪನಿಯವರು ಒಳ್ಳೆ ಸಂಬಳ ಕೊಟ್ಟು ಕರೆದೊಯ್ದಿರುತ್ತಾರೆ. ಅನುದಾನ ಕೊಡುವವರಿಗೆ ಯಂತ್ರ ಕೊಡಿಸುವ ಉಮೇದು ಇದೆ. ಅದನ್ನು ಹತ್ತು ವರ್ಷ ಸಾಕುವ ಉಮೇದು ಇಲ್ಲ.

ಹಂಚಿಕೆಯ ಯೋಜನೆಗಳಿಗೇನೂ ಕೊರತೆಯಿಲ್ಲ. ಪ್ರಾದೇಶಿಕ ಉಪಕರಣ ಕೇಂದ್ರಗಳು 1974ರಲ್ಲೇ ಶುರುವಾದವು; ಈಗ ಅವಕ್ಕೆ ‘ಸೈಫ್’ ಎಂದು ಹೆಸರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಒಂದಿದೆ. ದೇಶದ ಉಪಕರಣಗಳನ್ನೆಲ್ಲ ಒಂದೇ ಕಡೆ ತೋರಿಸುವ ‘ಐ-ಸ್ಟೆಮ್’ ಪೋರ್ಟಲ್ 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಉದ್ಘಾಟನೆಯಾಯಿತು. 2022ರಲ್ಲಿ ‘ಶ್ರೀಮಾನ್’ ಎಂಬ ಮಾರ್ಗಸೂಚಿ ಬಂತು. ‘ಸಾಥಿ’ ಕೇಂದ್ರಗಳಿಗಂತೂ ಶೇ 80ರಷ್ಟು ಸಮಯ ಹೊರಗಿನವರಿಗೇ ಮೀಸಲು ಎಂಬ ನಿಯಮ. ಹೆಸರಿಡುವುದರಲ್ಲಿ ದೆಹಲಿಯವರನ್ನು ಮೀರಿಸುವವರಿಲ್ಲ. ಆದರೆ ಪೋರ್ಟಲಿನಲ್ಲಿ ಯಂತ್ರದ ಹೆಸರು ಹುಡುಕಿ ಸಮಯ ಕಾಯ್ದಿರಿಸಿ ಹೋದವನಿಗೆ ‘ಆಪರೇಟರ್ ರಜೆ’ ಎಂಬ ಉತ್ತರ ಸಿಕ್ಕರೆ ಪೋರ್ಟಲ್ ಏನು ಮಾಡೀತು?

ಪ್ರಾಧ್ಯಾಪಕರ ಹಿಂಜರಿಕೆಯನ್ನು ಬರೀ ಸೋಮಾರಿತನ ಎನ್ನುವುದೂ ಅನ್ಯಾಯ. ಸುಂಕ ರಿಯಾಯಿತಿಯಲ್ಲಿ ತರಿಸಿದ ಉಪಕರಣಕ್ಕೆ ‘ಸಂಶೋಧನೆಗಾಗಿ ಮಾತ್ರ’ ಎಂಬ ಷರತ್ತು ಅಂಟಿರುತ್ತದೆ. ಐದು ವರ್ಷ ಅದನ್ನು ಯಾರಿಗೂ ಮಾರುವಂತಿಲ್ಲ, ವರ್ಗಾಯಿಸುವಂತಿಲ್ಲ. ಕಾರ್ಖಾನೆಯ ಮಾದರಿ ಪರೀಕ್ಷಿಸಿ ಶುಲ್ಕ ಪಡೆದರೆ ನಾಳೆ ಆಡಿಟ್‌ನವರು ಏನೆನ್ನುತ್ತಾರೋ ಎಂಬ ಭಯ ಸುಳ್ಳಲ್ಲ. ಸರ್ಕಾರಿ ಸಂಶೋಧನಾ ಸಂಸ್ಥೆಗಳ ಉಪಕರಣಕ್ಕಿದ್ದ ಶೇ 5ರ ಜಿಎಸ್‌ಟಿ ರಿಯಾಯಿತಿಯನ್ನು 2022ರ ಜುಲೈನಲ್ಲಿ ತೆಗೆದು ಶೇ 18ರವರೆಗೆ ಏರಿಸಲಾಯಿತು. 2024ರಲ್ಲಿ ಸಂಶೋಧನಾ ಅನುದಾನದ ಮೇಲೂ ತೆರಿಗೆ ಕೇಳಿ ಐಐಟಿ ದೆಹಲಿಯಂಥ ಸಂಸ್ಥೆಗೇ ನೋಟಿಸ್ ಹೋಯಿತು. ಗದ್ದಲವಾದ ಮೇಲೆ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ವಿನಾಯಿತಿ ಕೊಟ್ಟಿತು. ಹಂಚಿಕೊಳ್ಳಿ ಎನ್ನುವ ಸರ್ಕಾರವೇ ಹಂಚಿಕೊಂಡವನ ಬೆನ್ನಿಗೆ ನೋಟಿಸ್ ಅಂಟಿಸಿದರೆ ಯಾವ ವಿಭಾಗದ ಮುಖ್ಯಸ್ಥ ಮುಂದೆ ಬರುತ್ತಾನೆ?

ಇನ್ನು ಶುಲ್ಕದ ಹಣ ಎಲ್ಲಿಗೆ ಹೋಗುತ್ತದೆ? ಪಿಂಚಣಿ ಕೊಡಲೂ ತಿಣುಕುವ ವಿಶ್ವವಿದ್ಯಾಲಯದ ಸಾಮಾನ್ಯ ಖಾತೆಗೆ ಬಿದ್ದ ಹಣ ಯಂತ್ರದ ಬಿಡಿಭಾಗಕ್ಕೆ ವಾಪಸ್ ಬರುವುದು ಕನಸು. ಹೊರಗಿನವರ ಕೆಲಸ ಮಾಡಿಕೊಟ್ಟ ವಿಭಾಗಕ್ಕೆ ಉಳಿಯುವುದು ಸವೆದ ಯಂತ್ರ ಮಾತ್ರ.

ಇದೆಲ್ಲ ಇದ್ದೂ ಹಂಚಿಕೆ ಸಾಧ್ಯ ಎಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ನ್ಯಾನೊ ಕೇಂದ್ರವನ್ನು 2008ರಿಂದಲೇ ‘ಐಎನ್‌ಯುಪಿ’ ಕಾರ್ಯಕ್ರಮದಡಿ ಹೊರಗಿನ ಸಂಶೋಧಕರಿಗೆ ತೆರೆದಿದೆ. ಸಣ್ಣ ಊರಿನ ಕಾಲೇಜಿನ ಅಧ್ಯಾಪಕರೂ ಅಲ್ಲಿಗೆ ಹೋಗಿ ತರಬೇತಿ ಪಡೆದು ಸ್ವಂತ ಕೈಯಿಂದ ಯಂತ್ರ ನಡೆಸಿದ್ದಾರೆ. ಅದು ನಡೆದದ್ದು ಪೂರ್ಣಾವಧಿ ತಂತ್ರಜ್ಞರು ಇದ್ದುದರಿಂದ, ಅವರ ಸಂಬಳವನ್ನು ಯೋಜನೆಯಲ್ಲೇ ಸೇರಿಸಿದ್ದರಿಂದ. ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ದಶಕಗಳಿಂದ ಕಾರ್ಖಾನೆಗಳ ಮಾದರಿ ಪರೀಕ್ಷಿಸುತ್ತಲೇ ಇದೆ. ಎಮ್ಮೆ ಹಾಲಿನಿಂದ ಮಗುವಿನ ಆಹಾರ ಮಾಡುವ ವಿಧಾನವನ್ನು ಅಮುಲ್‌ಗೆ ಕೊಟ್ಟದ್ದು ಅದೇ ಸಂಸ್ಥೆ. ಅದರಿಂದ ಅಲ್ಲಿನ ವಿಜ್ಞಾನ ಮೈಲಿಗೆಯಾಗಲಿಲ್ಲ.

ಕೈಗಾರಿಕೆಯವರೂ ಒಂದು ಮಾತು ತಿಳಿದುಕೊಳ್ಳಬೇಕು. ರಫ್ತಿಗೆ ಬೇಕಾದ ವರದಿಗೆ ಎನ್‌ಎಬಿಎಲ್ ಮಾನ್ಯತೆಯ ಮೊಹರು ಬೇಕು. ಆ ಕೆಲಸಕ್ಕೆ ಗಂಗೋತ್ರಿಯ ರಸಾಯನ ವಿಭಾಗವನ್ನು ಪೀಡಿಸುವುದರಲ್ಲಿ ಅರ್ಥವಿಲ್ಲ, ಮಾನ್ಯತೆ ಪಡೆದ ಲ್ಯಾಬ್‌ಗಳಿಗೆ ಹೋಗಲಿ. ಕಲಬೆರಕೆ ಎಲ್ಲಿಂದ ಬಂತು, ಹುರಿಯುವಾಗಲೋ ಪ್ಯಾಕೆಟ್ಟಿನಿಂದಲೋ, ಎರಕದ ಲೋಹ ಯಾಕೆ ಬಿರುಕು ಬಿಟ್ಟಿತು ಎಂದು ಕಾರಣ ಹುಡುಕಲು ವಿಶ್ವವಿದ್ಯಾಲಯ ಬೇಕು. ಅದಕ್ಕೆ ಕೊಡುವ ಶುಲ್ಕದಲ್ಲಿ ಚೌಕಾಸಿ ಮಾಡುವವರು, ವರದಿ ನಾಳೆಯೇ ಬೇಕು ಎನ್ನುವವರು ಹಂಚಿಕೆಯ ಹಕ್ಕಿನ ಭಾಷಣ ಬಿಗಿಯದಿದ್ದರೆ ಒಳಿತು. ಕಂಪನಿ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಮೈಸೂರು, ನಂಜನಗೂಡಿನ ದೊಡ್ಡ ಕಾರ್ಖಾನೆಗಳು ಬಸ್ ತಂಗುದಾಣದ ಜೊತೆಗೆ ಇಬ್ಬರು ತಂತ್ರಜ್ಞರ ಸಂಬಳವನ್ನೂ ಹೊರಲಿ.

ಮಕ್ಕಳು ಸಾಲಿನ ಕೊನೆಗೆ ಬೀಳುತ್ತಾರೆ ಎಂಬ ಆತಂಕಕ್ಕೆ ಮದ್ದು ಬೀಗವಲ್ಲ, ಲೆಕ್ಕ. ಪ್ರತಿ ದೊಡ್ಡ ಉಪಕರಣದ ಪಕ್ಕದಲ್ಲೂ ಲಾಗ್‌ಬುಕ್ ಇರಬೇಕಾದದ್ದು ಪದ್ಧತಿ: ಯಾರು, ಯಾವ ದಿನ, ಎಷ್ಟು ಗಂಟೆ, ಕೆಟ್ಟು ನಿಂತದ್ದು ಎಷ್ಟು ದಿನ. ಮೈಸೂರು ವಿಶ್ವವಿದ್ಯಾಲಯದ ಸಿಂಡಿಕೇಟ್ ಮುಂದಿನ ಬಜೆಟ್ ಸಭೆಗೆ ಮೊದಲು ಈ ಲಾಗ್‌ಬುಕ್‌ಗಳ ವಾರ್ಷಿಕ ಲೆಕ್ಕವನ್ನು ಸಾರ್ವಜನಿಕರ ಮುಂದಿಡಲಿ. ವಿದ್ಯಾರ್ಥಿಗಳ ಪಾಲಿನ ಗಂಟೆಗಳನ್ನು ಮೊದಲು ಗೊತ್ತುಮಾಡಿ, ಉಳಿದದ್ದನ್ನು ಹೊರಗಿನವರಿಗೆ ಮಾರಲಿ. ಬಂದ ಶುಲ್ಕ ಆಯಾ ಯಂತ್ರದ ಖಾತೆಗೇ ಹೋಗಲಿ, ಗುತ್ತಿಗೆ ತಂತ್ರಜ್ಞನ ಹುದ್ದೆ ಖಾಯಂ ಆಗಲಿ. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಇನ್ನೊಂದು ಪೋರ್ಟಲೂ ಬೇಡ. ಕುಲಪತಿಗಳ ಒಂದು ಸುತ್ತೋಲೆ, ರಾಜ್ಯ ಸರ್ಕಾರದ ಒಂದು ಆದೇಶ ಸಾಕು.